ಖರೀದಿದಾರಳ ಬಾಣಂತಿ

ರೋಣದ ಪೇಟೆಯ ಹಿಂದಿನ ಓಣಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿಯವನಿಗೆ ಊರಿನವರ ಹೊಟ್ಟೆಯ ಸುದ್ದಿ ಗೊತ್ತಿರುತ್ತದೆ. ಹಾಸಿಗೆಯ ಸುದ್ದಿ ಗೊತ್ತಿದ್ದದ್ದು ಖಾತುನಬಿಗೆ. ಆಕೆ ಪಿಂಜಾರರ ಹೆಣ್ಣುಮಗಳು. ಗಂಡ ಕಾಶೀಂಸಾಬ ಇರುವಾಗ ಅವನು ಹತ್ತಿ ಹಿಂಜುತ್ತಿದ್ದ, ಇವಳು ಗಾದಿ ಹೊಲಿಯುತ್ತಿದ್ದಳು. ಅವನು ತೀರಿಹೋದ ಮೇಲೆ ಹಿಂಜುವುದು, ತುಂಬುವುದು, ಹೊಲಿಯುವುದು ಎಲ್ಲವೂ ಇವಳ ಪಾಲಿಗೇ ಬಂತು. ಯಾರ ಮನೆಗೆ ಹೋದರೂ ಕೂಡುವ ಮೊದಲು ಗಾದಿಯನ್ನು ಅಂಗೈಯಿಂದ ಒತ್ತಿ ನೋಡುವಳು. ಒಮ್ಮೆ ನಮ್ಮ ಮನೆಯ ಗಾದಿಯನ್ನು ಒತ್ತಿ, ಇದರಾಗ ಹತ್ತಿ ತುಂಬ್ಯಾರೋ ಬೆಣಚಿಕಲ್ಲೋ ಎಂದು ಕೇಳಿದ್ದಳು. ಅದು ನನ್ನ ಮಾವನ ಮನೆಯಿಂದ ಬಂದ ಗಾದಿ. ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಳು, ನನ್ನ ಕೂಡ, ಖಾತುನಬಿಯ ಕೂಡ ಅಲ್ಲ.

ಇಂಥ ಕೈಗೆಲಸದ ಹೆಂಗಸಿಗೆ ಊರಲ್ಲಿ ಯಾರೂ ಬಾಡಿಗೆ ಮನೆ ಕೊಡುತ್ತಿರಲಿಲ್ಲ. ಕೊಟ್ಟರೂ ಬಹಳ ದಿನ ಇಟ್ಟುಕೊಳ್ಳುತ್ತಿರಲಿಲ್ಲ. ಜಾತಿಯ ಮಾತಲ್ಲ, ಹತ್ತಿಯ ಮಾತು. ಹಿಂಜಿದ ಹತ್ತಿ ಹಾರುತ್ತದೆ. ಪಕ್ಕದ ಮನೆಯ ಹಾಲಿನಲ್ಲಿ ಬೀಳುತ್ತದೆ, ಒಣಹಾಕಿದ ಶಾವಿಗೆಗೆ ಅಂಟುತ್ತದೆ, ದಮ್ಮಿನ ಮುದುಕರು ಕೆಮ್ಮುತ್ತಾರೆ. ಒಂದು ವರ್ಷ ಆಗುವುದರೊಳಗೆ ಮಾಲಕರು ಮುಖ ಗಂಟಿಕ್ಕಿಕೊಂಡು ಬಂದು ನಿಲ್ಲುವರು. ಖಾತುನಬಿ ಮಗ ಆಶಿಕನನ್ನೂ ಹತ್ತಿಯ ಚೀಲಗಳನ್ನೂ ಕಟ್ಟಿಕೊಂಡು ಇನ್ನೊಂದು ಓಣಿ ಸೇರುವಳು. ನಾಲ್ಕು ಗೋಡೆಯ ನಡುವೆ ತನ್ನ ಹತ್ತಿ ತನ್ನ ಮೇಲೆಯೇ ಬೀಳುವಂಥ ಸ್ವಂತದ ಒಂದು ಪಡಸಾಲೆ ಬೇಕು ಎನ್ನುವುದೊಂದೇ ಅವಳ ಆಸೆಯಾಗಿತ್ತು.

ಅಂಥ ಪಡಸಾಲೆ ಇದ್ದದ್ದು ನನ್ನ ಗಿರಣಿಯ ಗೋಡೆಗೆ ಅಂಟಿದ ಮನೆಯಲ್ಲಿ. ಗಿರಣಿಯ ಸದ್ದು, ಹಿಟ್ಟಿನ ಧೂಳು ಸಹಿಸುವವರಿಗೆ ಹತ್ತಿ ಯಾವ ಲೆಕ್ಕ? ಮನೆ ಹೇಮಪ್ಪನ ಹೆಸರಿನಲ್ಲಿತ್ತು. ಅವನು ಗಜೇಂದ್ರಗಡದಲ್ಲಿ ಹೆಂಡತಿಯ ಕಡೆಯವರ ಜತೆ ಇರುತ್ತಿದ್ದ. ರೋಣದ ಮನೆಯಲ್ಲಿ ಇದ್ದವನು ಅವನ ತಮ್ಮ ಪರಶಪ್ಪ, ಮಾರುಕಟ್ಟೆಯ ಹಮಾಲ, ಮತ್ತು ಅವನ ಹೆಂಡತಿ ಮರಿಯವ್ವ. ಹೇಮಪ್ಪ ಮನೆ ಮಾರುವಾಗ, ತಮ್ಮ ಇನ್ನೊಂದು ತಿಂಗಳಿನಲ್ಲಿ ಬಿಡುತ್ತಾನೆ ಎಂದು ಖಾತುನಬಿಗೆ ಹೇಳಿದ. ಮನೆ ಮಾರಿದೆ ಎಂದು ತಮ್ಮನಿಗೆ ಮಾತ್ರ ಹೇಳಲಿಲ್ಲ. ಖರೀದಿ ಪತ್ರ ಹಿಡಿದುಕೊಂಡು ಖಾತುನಬಿ ಬಾಗಿಲಿಗೆ ಬಂದು ನಿಂತಾಗಲೇ ಪರಶಪ್ಪನಿಗೆ ತಿಳಿದದ್ದು. ಆ ಹೊತ್ತಿನ ಅವನ ಮುಖವನ್ನು ನಾನು ಕಂಡಿದ್ದೇನೆ. ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಆ ಗೋಡೆಗಳಿಗೆ ಮಣ್ಣು ಹೊತ್ತವನು ಅವನು. ಆದರೆ ಮಣ್ಣು ಹೊತ್ತದ್ದಕ್ಕೆ ಕಾಗದ ಇರುವುದಿಲ್ಲ.

ಅವನು ಬಿಡಲಿಲ್ಲ, ಇವಳು ಕೋರ್ಟಿಗೆ ಹೋದಳು. ವಕೀಲರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ, ಅದಕ್ಕೇ ಆ ವರ್ಷಗಳ ಕತೆಯನ್ನು ಉದ್ದ ಮಾಡುವುದಿಲ್ಲ. ತಾರೀಖಿನ ಮೇಲೆ ತಾರೀಖು ಬಿದ್ದವು. ಇಬ್ಬರು ಹೆಂಗಸರೂ ನನ್ನ ಗಿರಣಿಗೆ ಒಂದೇ ಹೊತ್ತಿಗೆ ಬಂದರೆ ಒಬ್ಬಳು ಈ ಕಡೆ ಗೋಡೆ ನೋಡುವಳು, ಇನ್ನೊಬ್ಬಳು ಆ ಕಡೆ ಗೋಡೆ ನೋಡುವಳು. ನಡುವೆ ನಾನು ಜೋಳ ಬೀಸುತ್ತ ನಿಲ್ಲುವೆ. ಕಡೆಗೆ ಖಾತುನಬಿಯ ಕಡೆ ತೀರ್ಪಾಯಿತು. ಗೆದ್ದೆ ಎಂದು ಅವಳು ಪೇಢೆ ಹಂಚಿದಳು. ಹಂಚಿದ ಮೇಲೆ, ತೀರ್ಪು ಆದರೆ ಮನೆ ಸಿಕ್ಕ ಹಾಗಲ್ಲ, ಕಬ್ಜಾ ಸಿಗಬೇಕಾದರೆ ಮತ್ತೆ ದರಖಾಸ್ತು ಹಾಕಬೇಕು ಎಂದು ವಕೀಲರು ತಿಳಿಸಿದರು. ಪೇಢೆಗೆ ಮೊದಲು ಹೇಳಲು ಏನಾಗಿತ್ತೋ!

ಎರಡು ಸಾವಿರದ ನಾಲ್ಕರ ಆಷಾಢದಲ್ಲಿ ವಾರಂಟು ಹೊರಟಿತು. ಆ ತಿಂಗಳ ಗಾಳಿ ನಮ್ಮ ಕಡೆ ಹೇಗಿರುತ್ತದೆಂದರೆ ಒಣಹಾಕಿದ ಧೋತರ ಮೂರನೇ ಮನೆಯ ಮಾಳಿಗೆಯಲ್ಲಿ ಸಿಗುತ್ತದೆ. ಕೋರ್ಟಿನ ಬೇಲೀಫ್ ಗವಿಸಿದ್ದಪ್ಪ ಟೋಪಿ ಒತ್ತಿ ಹಿಡಿದುಕೊಂಡು ಬಂದ. ಸಾಕ್ಷಿಗೆಂದು ನನ್ನನ್ನು ಪಂಚನಾಗಿ ನಿಲ್ಲಿಸಿದರು. ಖಾತುನಬಿಯ ಜತೆ ಆಶಿಕ ಇದ್ದ. ಅಷ್ಟೊತ್ತಿಗೆ ಅವನು ಬೆಳೆದು ಗದಗದಲ್ಲಿ ಟೆಂಪೋ ಓಡಿಸುತ್ತಿದ್ದ. ಗವಿಸಿದ್ದಪ್ಪ ವಾರಂಟು ಓದಿದ. ಪರಶಪ್ಪ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತ. ಮರಿಯವ್ವ ಮಾತ್ರ ಬಾಗಿಲಿನ ಎರಡೂ ಕಡೆ ಕೈ ಚಾಚಿ ಅಡ್ಡ ನಿಂತಳು. ಒಳಗೆ ಬಾಣಂತಿ ಇದ್ದಾಳೆ ಎಂದಳು.

ನೆಪವಲ್ಲ, ಖರೇ. ಅವರ ಮಗಳು ರೂಪಾ ಹೆರಿಗೆಗೆ ತವರಿಗೆ ಬಂದಿದ್ದಳು, ಚೊಚ್ಚಲು. ಹಿಂದಿನ ದಿನವಷ್ಟೇ ಕೂಸಿನ ಐದನೇ ದಿನದ ಐದೇಶಿ ಆಗಿತ್ತು. ಹಸಿ ಮೈಯವಳನ್ನು ಈ ಗಾಳಿಯಲ್ಲಿ ಹೊಸ್ತಿಲು ದಾಟಿಸಿ ಎಲ್ಲಿಗೆ ಒಯ್ಯಲಿ ಎಂದು ಮರಿಯವ್ವ ಕೇಳಿದಳು. ಗವಿಸಿದ್ದಪ್ಪ ಕೆಟ್ಟವನಲ್ಲ. ಮಂದಿಯ ಮುಂದೆ ಬಾರದ ಹೆಂಗಸರು ಇದ್ದರೆ ಸರಿದುಹೋಗಲು ಅವಕಾಶ ಕೊಡಬೇಕೆಂದು ಕಾಯಿದೆಯಲ್ಲೇ ಇದೆ, ಸಂಜೆಯ ತನಕ ಕಾಯುತ್ತೇನೆ ಎಂದ. ಅದಕ್ಕಿಂತ ಹೆಚ್ಚು ತನ್ನ ಕೈಯಲ್ಲಿ ಇಲ್ಲ ಎಂದೂ ಹೇಳಿದ.

ವಕೀಲರು ಮೊದಲೇ ಖಾತುನಬಿಯ ಕಿವಿ ಕಚ್ಚಿದ್ದರು. ಇವತ್ತು ಕಬ್ಜಾ ತೆಗೆದುಕೊಳ್ಳದೆ ಬಂದರೆ ಅವರು ಗದಗದ ದೊಡ್ಡ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರುತ್ತಾರೆ, ಮತ್ತೆ ಎಷ್ಟು ವರ್ಷವೋ. ಕಬ್ಜಾ ತೆಗೆದುಕೊಂಡು, ಪಾಪ ಎಂದು ಅವರಲ್ಲಿ ಒಬ್ಬರನ್ನು ಒಳಗೆ ಬಿಟ್ಟರೂ ಅಷ್ಟೇ, ಮನೆಯನ್ನು ತಿರುಗಿ ಕೊಟ್ಟ ಹಾಗೆ. ಆಶಿಕ ಅದನ್ನೇ ಮತ್ತೆ ಮತ್ತೆ ನೆನಪಿಸುತ್ತಿದ್ದ. ಗವಿಸಿದ್ದಪ್ಪ ಕಬ್ಜಾ ಬೇಕೋ ಬೇಡವೋ ಎಂದು ಕೇಳಿದಾಗ ಖಾತುನಬಿ, ಒಳಗೆ ಹೋಗಿ ನೋಡಿ ಬರುತ್ತೇನೆ ಎಂದಳು. ಮರಿಯವ್ವನ ಚಾಚಿದ ಕೈಯ ಕೆಳಗೆ ಬಗ್ಗಿ ಒಳಗೆ ನುಸುಳಿದಳು.

ನಾನೂ ಬಾಗಿಲ ತನಕ ಹೋದೆ. ನಡುಮನೆಯಲ್ಲಿ ಹೊರಸಿನ ಮೇಲೆ ರೂಪಾ ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಅವಚಿಕೊಂಡು ಮಲಗಿದ್ದಳು. ಹುಡುಗಿಯ ಕಣ್ಣಲ್ಲಿ ಅಂಜಿಕೆ. ಖಾತುನಬಿ ಕೂಸಿನ ಮುಖ ನೋಡುವ ಬದಲು ಗಾದಿಯನ್ನು ಒತ್ತಿ ನೋಡಿದಳು. ಸೊಂಟದ ಅಡಿಯಲ್ಲಿ ಹತ್ತಿ ಗಂಟುಗಂಟಾಗಿ, ನಡುವೆ ಬರೀ ಬಟ್ಟೆಯಷ್ಟೇ ಉಳಿದಿತ್ತು. ಬೆನ್ನು ನೋಯುತ್ತದೆಯೇ ಎಂದು ಕೇಳಿದಳು. ರೂಪಾ ಹೌದೆಂದು ಗೋಣು ಹಾಕಿದಳು. ಆಮೇಲೆ ಖಾತುನಬಿ ಹೊರಗೆ ಬಂದು, ಕಬ್ಜಾ ಬೇಕು, ಈಗಲೇ ಬೇಕು, ಸಂಜೆಯ ತನಕ ಕಾಯುವುದು ಬೇಡ ಎಂದಳು.

ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರಿಯವ್ವ ಮಣ್ಣು ತೂರಿ ಶಾಪ ಹಾಕಿದಳು. ಪಾತ್ರೆ, ಟ್ರಂಕು, ಜೋಳದ ಚೀಲ ಒಂದೊಂದೇ ಹೊರಗೆ ಬಂದವು. ಇಡಲು ಜಾಗವಿಲ್ಲದೆ ನನ್ನ ಗಿರಣಿಯ ಹಿಂದಿನ ಖೋಲಿ ತೆರೆದುಕೊಟ್ಟೆ. ಹಮಾಲ ಪರಶಪ್ಪ ತನ್ನ ಮನೆಯ ಸಾಮಾನನ್ನು ತಾನೇ ಹೊತ್ತ. ಕಡೆಗೆ ಹೊರಸಿನ ಸರದಿ ಬಂದಾಗ ಖಾತುನಬಿ ಅಡ್ಡ ಬಂದು, ಅದನ್ನು ಮುಟ್ಟಬೇಡಿ ಎಂದಳು.

ಗವಿಸಿದ್ದಪ್ಪನಿಗೂ ರೇಗಿತು. ಒಳಗೆ ಅವರ ಮಗಳನ್ನು ಇಟ್ಟುಕೊಂಡು ಪೂರಾ ಕಬ್ಜಾ ಸಿಕ್ಕಿತು ಎಂದು ಹೇಗೆ ಬರೆಯಲಿ ಎಂದ.

"ಮನಿ ನಂದ ಆತಿಲ್ರಿ ಸಾಹೇಬ್ರ?" ಎಂದು ಖಾತುನಬಿ ಕೇಳಿದಳು.

ಆಯಿತು ಎಂದ.

"ಹಂಗಾದ್ರ ಈ ಹುಡುಗಿ ಹಡಿಯಾಕ ಬಂದಿದ್ದು ನನ್ನ ಮನಿಗಿ. ಹಡಿಯಾಕ ಬರೋ ಮನಿಗಿ ತವರ ಅಂತಾರ. ಆಕಿ ತವರವ್ವ ಈಗ ನಾ. ಬಾಣಂತಿ ನಂದು, ಹೊರಸೂ ನಂದು. ಹಂಗ ಬರೀರಿ."

ಗವಿಸಿದ್ದಪ್ಪ ವಾರಂಟನ್ನು ಇನ್ನೊಮ್ಮೆ ಮೊದಲಿನಿಂದ ಓದಿದ. ಆಶಿಕ ಹಣೆ ಬಡಿದುಕೊಂಡ. ಕಡೆಗೆ ಗವಿಸಿದ್ದಪ್ಪ ಬರೆದ: ಮನೆಯ ಪೂರಾ ಕಬ್ಜಾ ಖರೀದಿದಾರಳಿಗೆ ಕೊಡಲಾಗಿದೆ, ಮನೆಯಲ್ಲಿ ಖರೀದಿದಾರಳ ಬಾಣಂತಿ ಇರುತ್ತಾಳೆ. ಕೆಳಗೆ ನಾನು ಸಹಿ ಹಾಕಿದೆ. ಆ ಕಾಗದ ಕಂಡು ವಕೀಲರು ನಕ್ಕರಂತೆ, ಆಮೇಲೆ ಬೈದರಂತೆ. ಆಶಿಕ ಅಂದೇ ಟೆಂಪೋ ಹತ್ತಿ ಗದಗಕ್ಕೆ ಹೋದವನು ವಾರಗಟ್ಟಲೆ ಈ ಕಡೆ ಮುಖ ಹಾಕಲಿಲ್ಲ.

ಬಾಣಂತಿ ಹೊಸ್ತಿಲು ದಾಟುವ ದಿನದ ತನಕ ಎಂದು ಮಾತಾಯಿತು. ಖಾತುನಬಿ ಮೊದಲು ಮಾಡಿದ ಕೆಲಸವೆಂದರೆ ಆ ಗಾದಿ ಬಿಚ್ಚಿದ್ದು. ಹತ್ತಿಯನ್ನು ಹಿತ್ತಲಲ್ಲಿ ಹಿಂಜಿದಳು, ಕೂಸಿಗೆ ಧೂಳು ತಾಗಬಾರದೆಂದು. ಸ್ವಂತ ಪಡಸಾಲೆ ಸಿಕ್ಕ ಮೇಲೂ ಹೊರಗೆ ಕೂತು ಹಿಂಜುವ ಅವಳ ಹಣೆಬರಹಕ್ಕೆ ನಾನು ನಕ್ಕೆ. ಅವಳೂ ನಕ್ಕಳು. ಬಾಣಂತಿಗೆ ಎರೆಯುವುದು, ಲೋಬಾನದ ಹೊಗೆ ಹಾಕುವುದು ಅವಳದೇ. ಮರಿಯವ್ವ ನನ್ನ ಖೋಲಿಯಲ್ಲಿ ಅಡಿಗೆ ಮಾಡಿ ತಾಟು ಹಿಡಿದು ಬಂದು, ತಾನೇ ಸಾರಿಸಿ ಬಳಿದ ಮನೆಯ ಹೊಸ್ತಿಲ ಹೊರಗೆ ನಿಂತು ಬರಲೇ ಎಂದು ಕೇಳಬೇಕಾಗಿತ್ತು. ಮೊದಮೊದಲು ಕೇಳದೆ ಕೆಮ್ಮುತ್ತಿದ್ದಳು. ಖಾತುನಬಿ ಆ ಕೆಮ್ಮಿಗೇ ಬಾಗಿಲು ಬಿಡುತ್ತಿದ್ದಳು. ಬರಬರುತ್ತ ಇಬ್ಬರೂ ಕೂಸಿನ ಹೊಟ್ಟೆನೋವಿನ ಮಾತಾಡತೊಡಗಿದರು. ನನಗೆ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ.

ಅಣ್ಣತಮ್ಮಂದಿರು ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಬರುವ ನಾಗರ ಪಂಚಮಿ ಹತ್ತಿರ ಬಂತು. ಉಂಡಿ ಕಟ್ಟಲು ಜೋಳದ ಅರಳಿನ ಅಳ್ಳಿಟ್ಟು ಬೀಸಿಸುವವರ ಸಾಲು ನನ್ನ ಗಿರಣಿಯ ಮುಂದೆ ಹತ್ತಿತ್ತು. ಖಾತುನಬಿ ಅಂದು ಮದುವೆ ಮನೆಯೊಂದಕ್ಕೆ ಗಾದಿ ಕೊಡಲು ಮುಂಜಾನೆ ನರೇಗಲ್ಲಿಗೆ ಹೋಗಿದ್ದಳು. ಮಧ್ಯಾಹ್ನ ಸವಡಿಯಿಂದ ಮುತ್ತಣ್ಣ ಬಂದ. ಅವನು ಮರಿಯವ್ವನ ಅಣ್ಣ, ಕೋರ್ಟು ಕಚೇರಿ ಅಲೆದು ಅರ್ಧ ವಕೀಲನಾದವನು. ಹಿಂದಿನ ಖೋಲಿಯಲ್ಲಿ ಅವನು ಪರಶಪ್ಪನಿಗೆ ಹೇಳುತ್ತಿದ್ದದ್ದು ಗಿರಣಿಯ ಸದ್ದಿನಲ್ಲೂ ನನಗೆ ಕೇಳಿಸಿತು. ಮಗಳು ಇನ್ನೂ ಒಳಗೇ ಇದ್ದಾಳೆ, ಮುದುಕಿ ಊರಲ್ಲಿಲ್ಲ, ಟ್ರಂಕು ತಿರುಗಿ ಒಳಗೆ ಇಟ್ಟು ಕುಳಿತುಬಿಡು, ಅವಳು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಲಿ. ಪರಶಪ್ಪ ಸ್ವಲ್ಪ ಹೊತ್ತಿಗೆ ಟ್ರಂಕು ಹೊತ್ತು ಮುತ್ತಣ್ಣನ ಹಿಂದೆ ನಡೆದ.

ಗಿರಣಿಯಲ್ಲಿ ಕಾಳು ತುಂಬಿತ್ತು, ನಡುವೆ ಬಿಟ್ಟು ಬರುವಂತಿರಲಿಲ್ಲ. ಬಂದಾಗ ಓಣಿಯಲ್ಲಿ ಯಾರೂ ಇರಲಿಲ್ಲ, ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಬಡಿದೆ. ಕೂಗಿದೆ. ಯಾರೂ ಓಗೊಡಲಿಲ್ಲ. ಒಳಗೆ ಯಾರೋ ಉಸಿರು ಹಿಡಿದು ಕೂತದ್ದು ತಿಳಿಯುತ್ತಿತ್ತು. ಮುಗಿಯಿತು ಎಂದುಕೊಂಡೆ. ಸಂಜೆಯ ಬಸ್ಸಿಗೆ ಖಾತುನಬಿ ಬಂದಳು. ಹೇಗೆ ಹೇಳಲಿ ಎಂದು ತಿಳಿಯದೆ ಒಮ್ಮೆಲೇ ಎಲ್ಲ ಹೇಳಿಬಿಟ್ಟೆ.

ಅವಳು ಕೂಗಾಡಲಿಲ್ಲ. ಕಟ್ಟೆಯ ಮೇಲೆ ಕುಳಿತಳು. ಆಶಿಕನಿಗೆ ಹೇಗೆ ಮುಖ ತೋರಿಸಲಿ ಎಂದಳು. ಇನ್ನು ಕೋರ್ಟಿಗೆ ಅಲೆಯುವ ಶಕ್ತಿ ತನ್ನ ಕಾಲಲ್ಲಿ ಇಲ್ಲ, ಸಾಯುವ ತನಕ ಮಂದಿಯ ಛಪ್ಪರದಲ್ಲೇ ಹಿಂಜುವುದು ಎಂದಳು. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಅಳು ನಿಲ್ಲಲಿಲ್ಲ. ಖಾತುನಬಿ ಎದ್ದು ಹೋಗಿ ಬಾಗಿಲಿಗೆ ಬಾಯಿ ಹಚ್ಚಿ, "ರೂಪಾ, ಅದಕ್ಕ ಹೊಟ್ಟಿ ಕಡಿಯಾಕತ್ತೈತಿ. ಬೋರಲ ಹಾಕ್ಕೊಂಡು ಬೆನ್ನ ತಟ್ಟವ್ವಾ" ಎಂದಳು. ಮನೆಯ ಮಾತೇ ಎತ್ತಲಿಲ್ಲ.

ಅಗಳಿ ಸರಿಯಿತು. ಬಾಗಿಲಲ್ಲಿ ನಿಂತವಳು ಮರಿಯವ್ವ. ಕಣ್ಣು ಅತ್ತು ಊದಿದ್ದವು. ಅವಳ ಹಿಂದೆ ಮಗಳೂ ಕೂಸೂ ಅಲ್ಲದೆ ಒಬ್ಬ ಗಂಡಸೂ ಇರಲಿಲ್ಲ, ಟ್ರಂಕೂ ಇರಲಿಲ್ಲ. ಅಣ್ಣ ಗಂಡ ಇಬ್ಬರೂ ಟ್ರಂಕು ಹೊತ್ತು ಬರುವುದನ್ನು ಕಂಡು, ಮಗಳ ಹತ್ತಿರ ಕೂತಿದ್ದ ಅವಳೇ ಅಗಳಿ ಹಾಕಿ ಬೆನ್ನು ಕೊಟ್ಟು ಕುಳಿತಿದ್ದಳು. ನನ್ನನ್ನೂ ಅವರೇ ಕಳಿಸಿರಬೇಕೆಂದು ಬಾಗಿಲು ತೆಗೆದಿರಲಿಲ್ಲ. ಪರಶಪ್ಪ ಟ್ರಂಕು ಹೊತ್ತು ಹಾಗೇ ಮಾರುಕಟ್ಟೆಯ ಕಡೆ ಹೋಗಿದ್ದ. ಮುತ್ತಣ್ಣ ಹೋಗುವಾಗ, ಇನ್ನು ಮೇಲೆ ನಿನ್ನನ್ನು ಪಂಚಮಿಗೆ ಕರೆಯಲು ಬರುವುದಿಲ್ಲ ಎಂದು ಬಾಗಿಲ ಹೊರಗೆ ನಿಂತು ಹೇಳಿದ್ದ. ನಮ್ಮ ಕಡೆಯ ಹೆಣ್ಣುಮಗಳಿಗೆ ಅಣ್ಣನಾದವನು ಇದಕ್ಕಿಂತ ದೊಡ್ಡ ಮಾತು ಹೇಳಲಾರ.

"ಮಗಳ ತವರು ಉಳಿಸಾಕ ಹೋಗಿ ನನ್ನ ತವರಿಗೆ ಅಗಳಿ ಹಾಕಿದೆ ಖಾತುನಬಿ," ಎಂದಳು ಮರಿಯವ್ವ. "ಇನ್ನ ನನ್ನ ಪಂಚಮಿಗೆ ಯಾರ ಕರೀತಾರ?"

ಖಾತುನಬಿ ಮರಿಯವ್ವನ ಮುಖವನ್ನು ಸೆರಗಿನಿಂದ ಒರೆಸಿದಳು.

"ಕರಿಯಾಕ ಬರಬೇಕಂದ್ರ ನೀ ಬ್ಯಾರೆ ಮನ್ಯಾಗ ಇರಬೇಕಲ್ಲ. ಮದ್ಲ ಹೋಗು. ಆಮ್ಯಾಲ ನಾ ಬರ್ತೇನಿ ಕರಿಯಾಕ."

ಅತ್ತ ಕಣ್ಣಲ್ಲೇ ಮರಿಯವ್ವನಿಗೆ ನಗು ಬಂತು. ಪರಶಪ್ಪ ಮಾರುಕಟ್ಟೆಯ ಆಚೆ ಎರಡು ಖೋಲಿ ಬಾಡಿಗೆ ಹಿಡಿದ. ಹಬ್ಬಕ್ಕೆ ಮೊದಲೇ ಅವರೆಲ್ಲ ಹೋದರು, ರೂಪಾಳ ಜತೆ ಹೊಸ ಗಾದಿಯೂ ಹೋಯಿತು. ಪಂಚಮಿಯ ಹಿಂದಿನ ದಿನ ಖಾತುನಬಿ ಒಗೆದ ಸೀರೆ ಉಟ್ಟು, ಬಾಗಿಲನ್ನು ಹಾರುಹೊಡೆದು ತೆರೆದಿಟ್ಟು, ಗಿರಣಿಯ ಮುಂದೆ ಹಾದು ಮಾರುಕಟ್ಟೆಯ ಕಡೆ ಹೊರಟಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.