ಹೆಸರು ಕೆತ್ತಿದ ತಪೇಲಿಗಳ ಜೊತೆ ಕಚ್ಛಿಗೆ

ಕೊಟ್ಟೂರಿನಿಂದ ನಮ್ಮ ಲಾರಿ ಹೊರಡಬೇಕಾಗಿದ್ದಕ್ಕಿಂತ ಒಂದು ದಿನ ತಡವಾಗಿ ಹೊರಟಿತು. ತಡಕ್ಕೆ ಕಾರಣ ನನ್ನ ಪಾತ್ರೆ ಅಂಗಡಿಯಲ್ಲಿದ್ದ ಹೆಸರು ಕೆತ್ತುವ ಮಷೀನು. ಅದು 2001ರ ಫೆಬ್ರವರಿ. ಗುಜರಾತಿನ ಭೂಕಂಪದಲ್ಲಿ ಕುಸಿದ ಮನೆಗಳನ್ನು ಟೀವಿಯಲ್ಲಿ ನೋಡಿದ ನಮ್ಮ ನಾಲ್ಕು ತಾಲ್ಲೂಕಿನ ಜನಕ್ಕೆ ಕೈಕಟ್ಟಿ ಕೂರಲು ಆಗಲಿಲ್ಲ. ಕೂಡ್ಲಿಗಿಯವರು ಅಕ್ಕಿ ಬೇಳೆ ಕೊಟ್ಟರು. ಗುಡೇಕೋಟೆಯಿಂದ ಕಂಬಳಿ ಬಂದವು. ಹರಪನಹಳ್ಳಿಯವರು ಮಂಡಕ್ಕಿ ಚೀಲ ಕಳಿಸಿದರು. ಅವರಿಗೆ ಮದುವೆಯಾದರೂ ಮಂಡಕ್ಕಿ, ಭೂಕಂಪವಾದರೂ ಮಂಡಕ್ಕಿ. ಹಡಗಲಿಯವರು ಮಲ್ಲಿಗೆ ಕಳಿಸುತ್ತೇವೆ ಎನ್ನಲಿಲ್ಲ, ಪುಣ್ಯಕ್ಕೆ ಲಾರಿಯನ್ನೂ ಖಾಜಾಸಾಬ ಎಂಬ ಡ್ರೈವರನ್ನೂ ಕೊಟ್ಟರು.

ತಪೇಲಿಯ ವಿಚಾರ ತೆಗೆದವರು ಹಗರಿಬೊಮ್ಮನಹಳ್ಳಿಯ ಹೆಣ್ಣುಮಕ್ಕಳು. ಅಕ್ಕಿ ಕಳಿಸಿದರೆ ಸಾಕೇ, ಬೇಯಿಸಲು ಏನಿದೆ ಅವರ ಹತ್ತಿರ ಎಂದು ಕೇಳಿದರು. ಮಾತು ಊರಿಂದೂರಿಗೆ ಹಬ್ಬಿತು. ಮನೆಗೊಂದರಂತೆ ಹೊಸ ಸ್ಟೀಲಿನ ತಪೇಲಿ ಕೊಂಡರು, ಕೊಂಡವರೆಲ್ಲ ಮಷೀನಿನ ಮುಂದೆ ಸಾಲು ನಿಂತರು. ನಮ್ಮ ಕಡೆ ಹೆಸರು ಹಾಕಿಸದ ಪಾತ್ರೆ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ.

"ಕೊಟ್ಟುಬಿಡೋ ಪಾತ್ರಿಗೆ ನಿಮ್ಮ ಹೆಸರು ಯಾಕ್ರಿ?" ಎಂದು ಕೇಳಿದೆ.

"ಹೆಸರಿಲ್ಲದ ಪಾತ್ರಿ ಕೊಟ್ರ ಕದ್ದು ತಂದು ಕೊಟ್ಟಂಗ ಕಾಣತೈತ್ರಿ," ಎಂದಳು ಕೂಡ್ಲಿಗಿಯ ಶಾಂತಮ್ಮ. "ಕೆತ್ರಿ ಸುಮ್ನ. ಮತ್ತ ನಂದು ಯಾರ ಕೈ ಸೇರ್ತು ಅಂತ ಬಂದು ಹೇಳ್ಬೇಕು ನೋಡ್ರಿ."

ಬಂದವರೆಲ್ಲ ಇದೇ ಮಾತು ಹೇಳಿದರು. ನಾನು ಎಲ್ಲರಿಗೂ ಹೂಂ ಎಂದೆ. ವ್ಯಾಪಾರಸ್ಥನ ಬಾಯಿಗೆ ಹೂಂ ಸಲೀಸು.

ಹೊರಡುವ ಹೊತ್ತಿಗೆ ತೆಲಿಗಿಯಿಂದ ನನ್ನ ಅಕ್ಕ ಗೌರಮ್ಮ ಬಸ್ಸಿನಿಂದಿಳಿದಳು. ಕಂಕುಳಲ್ಲಿ ಖಡಕ್ ರೊಟ್ಟಿಯ ಗಂಟು, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ. ಯಾರನ್ನೂ ಕೇಳದೆ ಲಾರಿ ಹತ್ತಿ ಕಿಟಕಿಯ ಪಕ್ಕ ಕುಳಿತಳು.

"ಅಕ್ಕಾ, ನೀನು ಎಲ್ಲಿಗೆ?"

"ಹೆಣ್ಮಕ್ಳು ಕೊಟ್ಟ ಪಾತ್ರಿ ಹೆಣ್ಮಕ್ಳ ಕೈಗೆ ಕೊಡಾಕ ಒಬ್ಬ ಹೆಣ್ಮಗಳು ಬ್ಯಾಡೇನ್ಲೇ ಕೊಟ್ರೇಶಿ? ನೀನು ಕೊಟ್ರ ಬಿಲ್ ಹರಿದು ಕೊಡ್ತೀಯ."

ಹೊಸಪೇಟೆ, ಬಿಜಾಪುರ, ಸೊಲ್ಲಾಪುರ ದಾಟಿದೆವು. ಅಕ್ಕನಿಗೆ ಕಿಟಕಿ, ನನಗೆ ಗೇರಿನ ಪಕ್ಕದ ಜಾಗ. ಖಾಜಾಸಾಬ ಗೇರು ಬದಲಿಸಿದಾಗಲೆಲ್ಲ ನನ್ನ ಮೊಣಕಾಲಿಗೊಂದು ಗುದ್ದು ಬೀಳುತ್ತಿತ್ತು. ಹಿಂದೆ ತಪೇಲಿಗಳು ಒಂದಕ್ಕೊಂದು ಬಡಿದು, ದಾರಿಯುದ್ದಕ್ಕೂ ಮೆರವಣಿಗೆ ಹೊರಟಂತೆ ಸದ್ದು. ಮೇಲೆ ಕಟ್ಟಿದ್ದ ಮಂಡಕ್ಕಿ ಚೀಲವೊಂದು ಬಿರಿದು ನಾಸಿಕ್ಕಿನವರೆಗೆ ರಸ್ತೆಗೆ ಅಕ್ಷತೆ ಹಾಕಿಕೊಂಡು ಹೋದೆವು. ಮುಂದೆ ಕಟ್ಟಿದ ಬ್ಯಾನರು ನೋಡಿ ಚೆಕ್‌ಪೋಸ್ಟಿನವರು ಕೈ ಬೀಸಿ ಬಿಟ್ಟುಬಿಡುತ್ತಿದ್ದರು.

ಗುಜರಾತಿನಲ್ಲಿ ಢಾಬಾದವರು ಪರಿಹಾರದ ಲಾರಿಯವರಿಂದ ದುಡ್ಡು ಮುಟ್ಟಲಿಲ್ಲ. ಕೈಮುಗಿದು ಬಡಿಸಿದರು. ಅಕ್ಕ ಬೇಳೆಯನ್ನು ಬಾಯಿಗಿಟ್ಟು ಕಣ್ಣರಳಿಸಿದಳು.

"ಬ್ಯಾಳ್ಯಾಗ ಬೆಲ್ಲ ಹಾಕ್ಯಾರಲ್ಲೋ! ಇದು ಸಾರೋ, ಹೋಳಿಗಿ ಹೂರಣನೋ?"

"ಪುಕ್ಕಟ್ ಐತ್ರಿ ಅಮ್ಮಾರ, ಉಣ್ರಿ," ಎಂದ ಖಾಜಾಸಾಬ.

ಅಕ್ಕ ಅದಕ್ಕೆ ನಮ್ಮ ಶೇಂಗಾ ಚಟ್ನಿ ಕಲಸಿ ಉಂಡಳು. ಢಾಬಾದವನೂ ಚೂರು ಚಟ್ನಿ ಕೇಳಿ ಇಸಕೊಂಡ. ನಾಲಿಗೆಗೆ ಹತ್ತಿದ ಮೇಲೆ ನೀರಿನ ಡ್ರಮ್ಮಿನ ಕಡೆ ಓಡಿದ.

ಕಚ್ಛಿನ ಸೇತುವೆ ದಾಟಿದೆವು. ಊರುಗಳಿದ್ದ ಕಡೆ ಕಲ್ಲುರಾಶಿಗಳಿದ್ದವು. ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಕುಳಿತಳು. ಇನ್ನಷ್ಟು ಮುಂದೆ ಹೋದರೆ ರಸ್ತೆ ಪಕ್ಕ ಹಳೆ ಬಟ್ಟೆಗಳ ಗುಡ್ಡೆಗಳು. ದೇಶದವರೆಲ್ಲ ಕಪಾಟು ಖಾಲಿ ಮಾಡಿ ಕಳಿಸಿದ್ದರು: ಹರಿದ ಪ್ಯಾಂಟು, ಮಾಸಿದ ರವಿಕೆ, ಕೊರಳಿಗೆ ಕಟ್ಟುವ ಟೈ. ಉಟ್ಟು ಬಿಟ್ಟದ್ದನ್ನು ಊರವರು ಮುಟ್ಟಿರಲಿಲ್ಲ. ಒಂದು ಎಮ್ಮೆ ಮಾತ್ರ ಕೋಡಿಗೆ ಫ್ರಾಕು ಸಿಕ್ಕಿಸಿಕೊಂಡು ನಿಂತಿತ್ತು.

ಪರಿಹಾರ ಶಿಬಿರದಲ್ಲಿ ಸಂಸ್ಥೆಗಳದೇ ಒಂದು ಸಂತೆ. ಟೆಂಟಿನ ಮೇಲೆ ಒಂದು ಸಂಸ್ಥೆಯ ಹೆಸರು, ಟ್ಯಾಂಕಿನ ಮೇಲೆ ಇನ್ನೊಂದರದು, ಬಕೆಟ್ಟಿನ ಮೇಲೆ ಮತ್ತೊಂದರದು. ನೀರಿನ ಮೇಲೆ ಬರೆಯಲು ಬರುವುದಿಲ್ಲವಾದ್ದರಿಂದ ನೀರು ಮಾತ್ರ ಬಚಾವಾಗಿತ್ತು. ಹಾಗಂತ ಅವರನ್ನು ಹಗುರವಾಗಿ ಆಡಿಕೊಳ್ಳುವಂತೆಯೂ ಇರಲಿಲ್ಲ. ಒಂದೇ ಊರಿಗೆ ಎರಡು ಸಲ ಕಂಬಳಿ ಹೋಗಿ ಪಕ್ಕದ ಊರು ಚಳಿಯಲ್ಲಿ ನಡುಗದಿರಲೆಂದು ದಿನಾ ಸಂಜೆ ಎಲ್ಲರೂ ಕೂತು ಊರುಗಳನ್ನು ಹಂಚಿಕೊಳ್ಳುತ್ತಿದ್ದರು. ನಮ್ಮ ಲಾರಿಯನ್ನು ನೋಡಲು ಬಂದ ಒಂದು ಸಂಸ್ಥೆಯ ಮೇಡಂಗೆ ಕೂಗಿ ಕೂಗಿ ದನಿಯೇ ಬಿದ್ದುಹೋಗಿತ್ತು.

ಅಕ್ಕಿ ಬೇಳೆ ಆಗಬಹುದು ಎಂದರು. ಕಂಬಳಿಯನ್ನು ಸವರಿ ನೋಡಿ ಬಹಳ ಒಳ್ಳೆಯದು ಎಂದರು. ಮಂಡಕ್ಕಿ ಕಂಡು ನಿಟ್ಟುಸಿರು ಬಿಟ್ಟು, ಒಂದು ಮುಷ್ಟಿ ತಿಂದು, ಅದನ್ನೂ ಒಪ್ಪಿದರು. ಆಮೇಲೆ ಒಂದು ತಪೇಲಿ ಎತ್ತಿ ತಿರುಗಿಸಿದರು.

"ಇದೇನು ಬರೆದಿದೆ?" ಹಿಂದಿಯಲ್ಲಿ ಕೇಳಿದರು.

"ಶಾಂತಮ್ಮ, ಕೂಡ್ಲಿಗಿ," ಎಂದ ಖಾಜಾಸಾಬ.

"ಬಳಸಿದ ಪಾತ್ರೆ ನಾವು ತೆಗೆದುಕೊಳ್ಳುವುದಿಲ್ಲ." ಬಟ್ಟೆಯ ಗುಡ್ಡೆಯ ಕಡೆ ಕೈ ತೋರಿಸಿದರು. ಹೊಸದು ಎಂದು ನಾವು ಆಣೆ ಇಟ್ಟೆವು. ಹೊಸದಾದರೆ ಬೇರೆಯವರ ಹೆಸರು ಯಾಕೆ, ಉಜ್ಜುವ ಕಾಗದ ಕೊಡುತ್ತೇನೆ, ಎಲ್ಲ ಅಳಿಸಿ ತನ್ನಿ ಎಂದರು. ಹೆಸರು ಬರೆದಿದ್ದ ಅವರ ಬಕೆಟ್ಟಿನ ಕಡೆ ನಾನು ನೋಡಿದೆ. ಅದು ಸಂಸ್ಥೆಯ ಹೆಸರು, ಮನುಷ್ಯರದಲ್ಲ ಎಂದರು.

ಖಾಜಾಸಾಬ ತಿಳಿಸಿ ಹೇಳಿದ ಕೂಡಲೇ ಅಕ್ಕ ಸೆರಗು ಸಿಕ್ಕಿಸಿದಳು. "ಬದುಕಿರೋ ಮುತ್ತೈದೇರ ಹೆಸರು ಅಳಿಸಾಕ ನಾವೇನು ಯಮನ ಕಡೇರ? ಈಕಿಗೆ ಹೇಳೋ ಖಾಜಾ!"

"ಸ್ವಲ್ಪ ಕಷ್ಟ ಆಗುತ್ತದೆ ಮೇಡಂ," ಎಂದು ಖಾಜಾಸಾಬ ಹಿಂದಿಯಲ್ಲಿ ಹೇಳಿದ.

ಕೊನೆಗೆ ಮೇಡಂ ಒಂದು ಹಳ್ಳಿಯ ದಾರಿ ಹೇಳಿದರು. ಅಲ್ಲಿಗೆ ಇನ್ನೂ ಅಡುಗೆ ಪಾತ್ರೆ ಮುಟ್ಟಿರಲಿಲ್ಲ. ಅಲ್ಲಿನ ಹೆಂಗಸರು ಒಪ್ಪಿದರೆ ಕೊಡಿ, ಇಲ್ಲವಾದರೆ ವಾಪಸು ಒಯ್ಯಿರಿ ಎಂದು ತಾವೂ ಜೀಪು ಹತ್ತಿದರು. ವಾಪಸು ಒಯ್ದರೆ ನನ್ನ ಗತಿಯೇನು? ನಾಲ್ಕು ತಾಲ್ಲೂಕಿನ ಹೆಂಗಸರು ನನ್ನ ಅಂಗಡಿಯ ಮುಂದೆ ನಿಂತು, ನಮ್ಮ ಪಾತ್ರೆ ಯಾರಿಗೂ ಬೇಡವಾದವೇ ಎಂದು ಕೇಳಿದರೆ ಏನು ಹೇಳಲಿ? ಊರು ಬಿಟ್ಟು ಅಲ್ಲೇ ಟೆಂಟು ಹಾಕಿಕೊಳ್ಳುವುದೇ ವಾಸಿ ಅನ್ನಿಸಿತು.

ಹಳ್ಳಿಯಲ್ಲಿ ಒಂದು ಗೋಡೆಯೂ ನೆಟ್ಟಗಿರಲಿಲ್ಲ. ಗೋಣಿತಟ್ಟು, ಸೀರೆ ಕಟ್ಟಿಕೊಂಡು ಜನ ಬಯಲಲ್ಲಿದ್ದರು. ಹೆಂಗಸರು ಸುತ್ತ ಬಂದು ನಿಂತರು. ಅವರಲ್ಲಿ ಹಿರಿಯಳು ಜೀವಿಬೆನ್ ಎಂಬ ಮುದುಕಿ. ಒಂದು ತಪೇಲಿ ಕೈಗೆತ್ತಿಕೊಂಡು ಕೆತ್ತಿದ ಅಕ್ಷರದ ಮೇಲೆ ಬೆರಳಾಡಿಸಿದಳು. ಯಾರದು ಇದು ಎಂದು ಅರೆಬರೆ ಹಿಂದಿಯಲ್ಲಿ ಕೇಳಿದಳು. ಖಾಜಾಸಾಬ ಹೆಸರು ಓದಿ ಹೇಳಿದ. ಮುದುಕಿ ತಪೇಲಿಯನ್ನು ಮೆಲ್ಲಗೆ ನೆಲಕ್ಕಿಟ್ಟು ಬೇಡವೆಂದು ತಲೆಯಾಡಿಸಿದಳು. ಉಳಿದವರೂ ಹಿಂದೆ ಸರಿದರು. ನೋಡಿದಿರಾ ಎಂಬಂತೆ ಮೇಡಂ ನನ್ನತ್ತ ತಿರುಗಿದರು.

ಜೀವಿಬೆನ್ ನಮ್ಮನ್ನು ಬೇವಿನ ಮರದ ಬುಡಕ್ಕೆ ಕರೆದೊಯ್ದಳು. ಅಲ್ಲಿ ನೆಗ್ಗಿದ, ಮಣ್ಣು ಮೆತ್ತಿದ ಪಾತ್ರೆಗಳು ಒಂದರ ಪಕ್ಕ ಒಂದಿದ್ದವು. ಎಲ್ಲದರ ಮೇಲೂ ಗುಜರಾತಿ ಹೆಸರು ಕೆತ್ತಿತ್ತು! ಅವರದೂ ನಮ್ಮದೇ ಪದ್ಧತಿ. ಕಲ್ಲುರಾಶಿಯಿಂದ ಪಾತ್ರೆ ಸಿಕ್ಕಾಗಲೆಲ್ಲ ಹೆಸರು ಓದಿ ಆಯಾ ಮನೆಯವರಿಗೆ ಮುಟ್ಟಿಸಿದ್ದರು. ಮರದ ಕೆಳಗಿದ್ದವು ಮನೆಯವರಾರೂ ಉಳಿಯದ ಪಾತ್ರೆಗಳು. ಅವನ್ನೇ ನಾವು ಮುಟ್ಟಿಲ್ಲ, ಇನ್ನು ಕಂಡರಿಯದ ಊರಿನ ಹೆಂಗಸಿನ ಪಾತ್ರೆಯನ್ನು ನನ್ನದು ಅಂತ ಹೇಗೆ ಒಲೆಗಿಡಲಿ ಎಂದು ಮುದುಕಿ ಕೇಳಿದಳು.

ಅಕ್ಕ ಅವಳ ಪಕ್ಕ ನೆಲಕ್ಕೆ ಕುಕ್ಕರಿಸಿದಳು.

"ನಿಮ್ಮದು ಅಂತ ಯಾರು ಅಂದ್ರು? ಪಾತ್ರಿ ಶಾಂತಮ್ಮಂದ. ಕಡ ಕೊಟ್ಟಾಳ. ನಮ್ಮನ್ಯಾಗ ಲಗ್ನ ಇದ್ರ ಓಣ್ಯಾಗಿನ ಪಾತ್ರಿ ಎಲ್ಲಾ ನಮ್ಮನ್ಯಾಗ ಇರ್ತಾವ, ಹೌದಿಲ್ಲೋ? ಹಂಗ. ನಿಮ್ಮ ಮನಿ ಎದ್ದು ನಿಲ್ಲಲಿ, ಆವಾಗ ಕೊಡ್ರಿ."

ಖಾಜಾಸಾಬ ಹೇಳಿ ಮುಗಿಸುವ ಮೊದಲೇ ಹೆಂಗಸರ ಮುಖ ಬದಲಾಯಿತು. ಸುಮ್ಮನೆ ಇಸಕೊಳ್ಳುವುದಕ್ಕೆ ನಾಚಿಕೆ, ಕಡ ತರುವುದಕ್ಕೆ ಏನು ನಾಚಿಕೆ? ಒಬ್ಬೊಬ್ಬಳೇ ಬಂದು ಕೈಯೊಡ್ಡಿದಳು. ಪರಿಹಾರವನ್ನು ಕಡ ಕೊಡುವ ಪದ್ಧತಿ ತಮ್ಮಲ್ಲಿ ಇಲ್ಲವೆಂದು ಮೇಡಂ ಬಿದ್ದ ದನಿಯಲ್ಲೇ ಗೋಳಾಡಿದರು. ಅವರ ಕೈಗೂ ಅಕ್ಕ ಒಂದು ತಪೇಲಿ ಕೊಟ್ಟು ಹಂಚಲು ಹಚ್ಚಿದಳು.

ಫಜೀತಿ ಶುರುವಾದದ್ದು ಆಮೇಲೆ. ಕಡ ಅಂದ ಮೇಲೆ ಯಾರಿಂದ ಎಂದು ಗೊತ್ತಿರಬೇಡವೇ? ಪ್ರತಿಯೊಬ್ಬಳಿಗೂ ನಾನು ಹೆಸರು ಓದಿ ಹೇಳಬೇಕಾಯಿತು, ಊರು ಹೇಳಬೇಕಾಯಿತು, ಯಾರದು ಯಾರ ಕೈಗೆ ಎಂದು ಬರೆದುಕೊಳ್ಳಬೇಕಾಯಿತು. ಈ ಹನುಮವ್ವನಿಗೆ ಮಕ್ಕಳೆಷ್ಟು? ಈ ಬಸಮ್ಮನ ಅತ್ತೆ ಒಳ್ಳೆಯವಳೋ? ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದವರಿಗೆ ಇಬ್ಬಿಬ್ಬರು ಮಕ್ಕಳನ್ನು ಕರುಣಿಸಿದೆ. ಅತ್ತೆಯ ವಿಷಯ ಅಕ್ಕನಿಗೆ ಬಿಟ್ಟೆ. ಅವಳು ಎಲ್ಲ ಅತ್ತೆಯರನ್ನೂ ಕೆಟ್ಟವರನ್ನಾಗಿ ಮಾಡಿದಳು. ಆ ಬಯಲಿನಲ್ಲಿ ಹೆಂಗಸರು ನಕ್ಕರು.

ಹೊರಡುವಾಗ ಜೀವಿಬೆನ್ ತನ್ನ ಸೀರೆಯ ಟೆಂಟಿನೊಳಗಿಂದ ಒಂದು ಚಿಕ್ಕ ತಪೇಲಿ ತಂದಳು. ಒಂದು ಬದಿ ನೆಗ್ಗಿತ್ತು. ಅದು ಅವಳ ಸೊಸೆ ರಮೀಲಾಳದು, ಸೊಸೆ ಭೂಕಂಪದಲ್ಲಿ ಗೋಡೆಯಡಿ ಸಿಕ್ಕಿ ತೀರಿಕೊಂಡಿದ್ದಳು. ಮುದುಕಿ ಅದನ್ನು ಅಕ್ಕನ ಮಡಿಲಿಗಿಟ್ಟಳು.

"ಇದೂ ಕಡ ಅಂತ್ರಿ ಅಮ್ಮಾರ," ಎಂದ ಖಾಜಾಸಾಬ. "ಇದರಾಗ ಅಡಿಗಿ ಮಾಡಾಕ ಆಕಿಗೆ ಕೈ ಬರವಲ್ದಂತ. ನಿಮ್ಮನ್ಯಾಗ ಒಲಿ ಮ್ಯಾಲೆ ಇರ್ಲಿ ಅಂತಾಳ."

ಅಕ್ಕ ಬ್ಯಾಡ ಅನ್ನಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಅತ್ತರು. ಲಾರಿ ತಿರುವು ದಾಟುವವರೆಗೂ ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಲೇ ಇದ್ದಳು. ಊರು ಮುಟ್ಟುವವರೆಗೂ ಅದನ್ನು ತೊಡೆಯಿಂದ ಇಳಿಸಲಿಲ್ಲ.

ಕೊಟ್ಟೂರಿನಲ್ಲಿ ನನಗೆ ಅಂದುಕೊಂಡ ಪೂಜೆಯೇ ಆಯಿತು. ದಾನ ಕೊಟ್ಟದ್ದನ್ನು ಕಡ ಮಾಡಿ ಬಂದೆಯಲ್ಲ, ಪುಣ್ಯ ಯಾರ ಪಾಲಾಯಿತು ಎಂದು ಹೆಂಗಸರು ಜಗಳಕ್ಕೆ ಬಂದರು. ನಿಮ್ಮದು ಇಂಥವಳ ಕೈಯಲ್ಲಿದೆ ಎಂದ ಕೂಡಲೇ ಜಗಳ ಬಿಟ್ಟು ಅವಳಿಗೆ ಮಕ್ಕಳೆಷ್ಟು ಎಂದು ಕೇಳಿದರು.

ಬೇಸಿಗೆಯಲ್ಲಿ ತೆಲಿಗಿಗೆ ಹೋದೆ. ಒಲೆಯ ಮೇಲೆ ಆ ನೆಗ್ಗಿದ ತಪೇಲಿಯಲ್ಲಿ ಹಾಲು ಕಾಯುತ್ತಿತ್ತು. ಅದರ ಮೇಲೆ ಕೆತ್ತಿದ ಗುಜರಾತಿ ಅಕ್ಷರ ಓದಲು ಆ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಪಡಸಾಲೆಯಿಂದ ಅಕ್ಕ ಸೊಸೆಗೆ ಕೂಗಿ ಹೇಳುತ್ತಿದ್ದಳು:

"ಹಾಲು ಉಕ್ಕಿಸಬ್ಯಾಡ ನೋಡವ್ವಾ. ಅದು ರಮೀಲಾಂದು."