ಮಲಾವಿಯಲ್ಲಿ ನನ್ನ ಪಾತ್ರ ಮಾಡಿದ ಹುಡುಗಿ

ಕಳೆದ ಮಂಗಳವಾರ ಮಧ್ಯಾಹ್ನ ನಾನು ನನ್ನನ್ನೇ ಮೊಬೈಲ್‌ನಲ್ಲಿ ನೋಡಿದೆ. ಹದಿನೈದು ಹದಿನಾರರ ಆಫ್ರಿಕಾದ ಹುಡುಗಿ. ಸೊಂಟಕ್ಕೆ ಚೀಲ, ತಲೆಗೆ ಟವೆಲು, ಮುಖದ ತುಂಬ ಸಿಡುಕು. ಅವಳೇ ನಾನು!

ನಗಬೇಡಿ. ಮೊದಲು ನಾನೂ ನಕ್ಕೆ.

ನನ್ನ ತಂಗಿ ಶಶಿ ಈಗ ಮಲಾವಿ ಅನ್ನುವ ದೇಶದಲ್ಲಿದ್ದಾಳೆ. (ಭೂಪಟದಲ್ಲಿ ಎಲ್ಲಿದೆ ಅಂತ ಕೇಳಬೇಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಪ್ರತಿ ವಾರ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ.) ಹಾಸನದ ಒಂದು ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಅವಳು. ಆರು ತಿಂಗಳು ರಜೆ ಹಾಕಿ ವಾಲಂಟಿಯರ್ ಆಗಿ ಹೋಗಿದ್ದಾಳೆ. ಅಲ್ಲಿನ ಹೆಣ್ಣುಮಕ್ಕಳಿಗೆ ಖೋ-ಖೋ ಕಲಿಸುತ್ತಾಳೆ. ಆಟ ಮುಗಿದ ಮೇಲೆ ಅದೇ ಕೆಂಪು ಮಣ್ಣಿನಲ್ಲಿ ಕೂರಿಸಿಕೊಂಡು ಮುಟ್ಟು, ರಕ್ತಹೀನತೆ, ಕುಡಿಯುವ ನೀರು ಅಂತ ಆರೋಗ್ಯದ ಮಾತು ಹೇಳುತ್ತಾಳೆ. ಸಂಬಳ ಇಲ್ಲ.

"ಸಂಬ್ಳ ಇಲ್ದೆ ಅಷ್ಟ್ ದೂರ ಯಾಕ್ ಹೋದ್ಲೆ? ನಮ್ಮಲ್ಲಿ ಓಡೋ ಮಕ್ಳಿಲ್ವಾ?" ಆಲೂರಿನ ನನ್ನ ಟೈಲರಿಂಗ್ ಅಂಗಡಿಗೆ ಬಂದವರೆಲ್ಲ ಕೇಳಿದ್ದಾರೆ. ಉತ್ತರ ಮಂಗಳವಾರ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಶಶಿಯ ವಿಡಿಯೋ ಬಂದಾಗ ರತ್ನಕ್ಕ ಎದುರಿಗೇ ಇದ್ದರು. ಕೆ. ಹೊಸಕೋಟೆಯಿಂದ ಬಸ್ಸು ಹತ್ತಿ ಬ್ಲೌಸ್ ಹೊಲಿಸಲು ಬರುವವರು. ಅಳತೆ ಕೊಡುವುದು ಎರಡು ನಿಮಿಷ, ಮಾತು ಎರಡು ಗಂಟೆ. ಅವರೂ ಬಗ್ಗಿ ನೋಡಿದರು. ಮಕ್ಕಳು ಮೈದಾನದಲ್ಲಿ ನಾಟಕ ಮಾಡುತ್ತಿದ್ದರು. ಮಾತು ಅವರ ಭಾಷೆಯದು. ಹಿಂದಿನಿಂದ ಶಶಿ ಕನ್ನಡದಲ್ಲಿ ಹೇಳುತ್ತಿದ್ದಳು: ಇವಳು ಅಕ್ಕ, ಇವಳು ತಂಗಿ, ತಂಗಿಗೆ ರಕ್ತ ಕಡಿಮೆ.

"ಯಾರೇ ಆ ಅಕ್ಕ? ಥೇಟ್ ಕಾಫಿ ಕುಯ್ಯಕ್ಕೆ ಹೊಂಟೋಳಂಗೆ ಚೀಲ ಕಟ್ಟವ್ಳೆ!" ರತ್ನಕ್ಕ ನಕ್ಕರು. ನಾನೂ ನಕ್ಕೆ.

ತಂಗಿ ಮಾತ್ರೆಗೆ ಕೈ ಚಾಚುತ್ತಾಳೆ. ಅಕ್ಕ ಮಾತ್ರೆಯನ್ನು ಬೆನ್ನ ಹಿಂದೆ ಹಿಡಿದು, ಇದನ್ನು ತಿಂದರೆ ಹೊಟ್ಟೆ ಕೆಡುತ್ತೆ, ಮುಂದೆ ಮಕ್ಕಳಾಗಲ್ಲ ಅನ್ನುತ್ತಾಳೆ. ಆಮೇಲೆ ಒಂದು ಗಿಡದ ಬುಡ ಕೆದಕಿ, ಮಾತ್ರೆ ಹೂತು, ಮಣ್ಣು ತಟ್ಟುತ್ತಾಳೆ.

"ಅಯ್ಯೋ ಮುಂಡೇದೇ! ಕೂಸಿಗೆ ಕೊಡ್ದೆ ಗಿಡಕ್ಕಾಕ್ತಾಳಲ್ಲೇ!"

ನನ್ನ ಕೈಯ ಟೇಪು ಅಲ್ಲೇ ನಿಂತಿತು. ನಾವು ಬೆಳೆದದ್ದು ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಲೈನ್ ಮನೆಯಲ್ಲಿ. ಅಲ್ಲಿದ್ದದ್ದು ಕರಿಬೇವಿನ ಗಿಡ. ವಿಡಿಯೋದಲ್ಲಿ ಇದ್ದದ್ದು ಬೇರೆ ಯಾವುದೋ ಗಿಡ. ಉಳಿದದ್ದೆಲ್ಲ ಸರಿಯಾಗಿಯೇ ಇತ್ತು.

ಕೊನೆಗೆ ತಂಗಿ ಓಡುತ್ತಾಳೆ, ಕಂಬದ ಹತ್ತಿರ ಬೀಳುತ್ತಾಳೆ. ಸುತ್ತ ಕೂತ ಮಕ್ಕಳು 'ಹಾ' ಅಂದರು. ಅಕ್ಕನ ಕಡೆ ಬೆರಳು ತೋರಿಸಿ ಕೂಗಿದರು. ಅರ್ಥ ಆಗಲು ಭಾಷೆ ಬೇಕಿರಲಿಲ್ಲ.

ರತ್ನಕ್ಕನ ಅಳತೆ ಅರ್ಧಕ್ಕೇ ನಿಂತಿತ್ತು. ನಾನು ಮತ್ತೆ ಟೇಪ್ ಹಿಡಿಯುವಷ್ಟರಲ್ಲಿ ಶಶಿಯ ಫೋನು.

"ಬೇಜಾರಾಯ್ತಾ ಅಕ್ಕ? ನಿನ್ ಹೆಸ್ರು ಹೇಳಿಲ್ಲ ಕಣೆ."

"ಆ ಹುಡ್ಗಿ ನನ್ಗಿಂತ ಚೆನ್ನಾಗವ್ಳೆ ಬುಡು."

ಅವಳು ಜೋರಾಗಿ ನಕ್ಕಳು. "ಮಕ್ಳು ಬೈತಾರಲ್ಲ, ಆಗ ನಾನು ಎದ್ದು ಹೇಳ್ತೀನಿ. ಅಕ್ಕ ಕೆಟ್ಟೋಳಲ್ಲ, ಪಾಪ, ಅವ್ಳಿಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ ಅಂತ. ನಾನು ಇಲ್ಲಿಗೆ ಬಂದಿದ್ದೇ ಅದ್ಕೆ ಕಣೆ. ಗೊತ್ತಿದ್ದಿದ್ರೆ ನೀನು ಹಂಗ್ ಮಾಡ್ತಿದ್ಯಾ?"

ನೆಟ್‌ವರ್ಕ್ ಸರಿಯಿಲ್ಲ ಅಂದು ಫೋನ್ ಇಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ರತ್ನಕ್ಕ ಅಷ್ಟರಲ್ಲಿ ಎಲ್ಲ ಊಹಿಸಿಬಿಟ್ಟಿದ್ದರು. "ಅದ್ಕ್ಯಾಕೆ ಮುಖ ಸಣ್ಣ ಮಾಡ್ತೀಯ ಮಾರಾಯ್ತಿ? ಓದಿಲ್ಲ ಬರೆದಿಲ್ಲ, ನಿಂಗೇನ್ ಗೊತ್ತಿತ್ತು?"

ಏನು ಗೊತ್ತಿತ್ತು? ಹೇಳುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳದೇ ಇದ್ದದ್ದು.

ಆಗ ನನಗೆ ಹದಿನೇಳು, ಶಶಿಗೆ ಹದಿಮೂರು. ಅಪ್ಪ ಅವ್ವ ಎಸ್ಟೇಟ್ ಕೆಲಸಕ್ಕೆ. ನಾನೂ ಅದೇ ಕೆಲಸಕ್ಕೆ, ಜೊತೆಗೆ ಅಡುಗೆ, ನೀರು, ಸೌದೆ. ಶಶಿ ಮಾತ್ರ ಓಡುತ್ತಿದ್ದಳು. ಸ್ಕೂಲಿಗೆ ಅವಳೇ ಹೆಮ್ಮೆ. ಕೂಲಿ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಕೂಡ ನಿಲ್ಲಿಸಿ ಮಾತಾಡಿಸುತ್ತಿದ್ದರು. ಹಾಸನದ ಕ್ರೀಡಾ ಹಾಸ್ಟೆಲ್ ಸೆಲೆಕ್ಷನ್‌ಗೆ ಎರಡು ತಿಂಗಳಿತ್ತು. ಆಯ್ಕೆಯಾದರೆ ಅವಳು ಹಾಸನಕ್ಕೆ. ನಾನು ಆ ಲೈನ್ ಮನೆಗೆ.

ಒಂದು ದಿನ ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೆ ಬಂದರು. ಸ್ಕೂಲಲ್ಲಿ ಶಶಿಯ ಕಣ್ಣಿನ ರೆಪ್ಪೆ ಎಳೆದು ನೋಡಿದ್ದರಂತೆ. ಶಶಿ ಆಟಕ್ಕೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬಳೇ.

"ಊಟ ಬಡಿಸೋಳು ನೀನೇ ತಾನೆ? ಇದು ಕಬ್ಣದ ಮಾತ್ರೆ. ಊಟ ಆದ್ಮೇಲೆ ದಿನಾ ಒಂದು. ಕಾಫಿ ಜೊತೆ ಕೊಡ್ಬ್ಯಾಡ. ಮರೀಬ್ಯಾಡ ಕಣಮ್ಮ, ಓಡ್ತಾ ಓಡ್ತಾ ಬಿದ್ದೋಗ್ಬುಟ್ಟಾಳು."

ನನ್ನ ಬಾಯಲ್ಲಿ ಎರಡು ಸಲ ಹೇಳಿಸಿದರು. ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. ಮಾತ್ರೆಗೆ ಮಕ್ಕಳಾಗಲ್ಲ ಅಂತ ಲೈನಿನಲ್ಲಿ ಹೆಂಗಸರು ಆಡಿಕೊಳ್ಳುತ್ತಾರೆ ಅಂದಾಗ, ಸುಳ್ಳು ಕಣಮ್ಮ, ನಂಬಬ್ಯಾಡ ಅಂತಲೂ ಹೇಳಿದರು.

ಬಿದ್ದು ಹೋಗುತ್ತಾಳೆ. ಆ ಮಾತು ಒಂದೇ ನನ್ನ ಕಿವಿಯಲ್ಲಿ ಉಳಿಯಿತು. ಬಿದ್ದರೆ ಸೆಲೆಕ್ಷನ್ ಇಲ್ಲ. ಸೆಲೆಕ್ಷನ್ ಇಲ್ಲದಿದ್ದರೆ ಹಾಸ್ಟೆಲ್ ಇಲ್ಲ. ಇವಳೂ ನನ್ನ ಹಾಗೆ ಸೊಂಟಕ್ಕೆ ಚೀಲ ಕಟ್ಟುತ್ತಾಳೆ. ಅಷ್ಟೇ ನಾನು ಲೆಕ್ಕ ಹಾಕಿದ್ದು. ಸುಳ್ಳು ಅಂತ ಗೊತ್ತಿದ್ದ ಮಾತನ್ನೇ ಶಶಿಗೆ ಹೇಳಿದೆ. ದಿನಕ್ಕೊಂದು ಮಾತ್ರೆ ಕರಿಬೇವಿನ ಬುಡಕ್ಕೆ ಹೋಯಿತು. ಅವಳು ಪ್ರಾಕ್ಟೀಸ್ ಮುಗಿಸಿ ಬಂದು ಗೋಡೆಗೆ ಒರಗಿ ಏದುಸಿರು ಬಿಡುವಾಗ ನಾನು ಲೋಟದ ತುಂಬ ಕಾಫಿ ಕೊಟ್ಟೆ. ಅಕ್ಕನ ಪ್ರೀತಿ!

ಸೆಲೆಕ್ಷನ್ ದಿನ ಹಾಸನದ ಮೈದಾನದಲ್ಲಿ, ಖೋ-ಖೋ ಕಂಬ ಸುತ್ತುವಾಗ, ಶಶಿ ಬಿದ್ದಳು. ಗಲ್ಲ ಸೀಳಿತು, ಪ್ರಜ್ಞೆ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರ್ ರಿಪೋರ್ಟ್ ಹಿಡಿದು ಅಪ್ಪನ ಮೇಲೆ ಕೂಗಾಡಿದರು. "ಹಿಮೋಗ್ಲೋಬಿನ್ ಆರೇ ಆರು! ಈ ರಕ್ತದಲ್ಲಿ ನಿಲ್ಲೋದೇ ಕಷ್ಟ, ಓಡಿಸಿದ್ದೀರಲ್ಲ! ಹುಡುಗಿ ಸತ್ತಿದ್ರೆ?"

ಸತ್ತಿದ್ದರೆ. ಆ ಲೆಕ್ಕ ನಾನು ಹಾಕಿರಲಿಲ್ಲ.

ಮಾತ್ರೆ ಏನಾಯಿತು ಅಂತ ಕೇಳಿದರು. ಬಾಯಿಗೆ ಬಂದದ್ದು ಒಂದೇ ಮಾತು: "ನಂಗೆ ಗೊತ್ತಿರ್ಲಿಲ್ಲ. ಕೆಟ್ಟದ್ದು ಅಂತ ಗಿಡಕ್ಕಾಕ್ದೆ." ಅಪ್ಪ ಕೈ ಮುಗಿದರು. "ಓದಿಲ್ದಿರೋ ಕೂಸು ಸಾರ್, ಅದ್ಕೇನ್ ಗೊತ್ತಾಯ್ತದೆ?" ಡಾಕ್ಟರ್ ಕೂಡ ತಣ್ಣಗಾದರು. ಎರಡು ಬಾಟಲಿ ರಕ್ತ ಹತ್ತಿಸಿಕೊಂಡು ಮಲಗಿದ್ದ ಶಶಿ ನನ್ನ ಕೈ ಹಿಡಿದು, "ಅಳ್ಬ್ಯಾಡ ಅಕ್ಕ, ನಿಂಗೊತ್ತಿರ್ಲಿಲ್ವಲ್ಲ" ಅಂದಳು.

ಮುಂದಿನ ವರ್ಷ ಆಯ್ಕೆಯಾದಳು. ನನ್ನ 'ಗೊತ್ತಿರ್ಲಿಲ್ಲ' ಅನ್ನುವ ಮಾತು ಮಾತ್ರ ಹಾಗೇ ಉಳಿಯಿತು.

ಎಂಥ ಅನುಕೂಲದ ಮಾತು ನೋಡಿ ಇದು! ಬ್ಲೌಸ್ ಕೆಟ್ಟರೆ ನಾನು ಹೇಳುತ್ತೇನೆ, ಗೊತ್ತಾಗಲಿಲ್ಲ. ಸ್ಟಾಪ್ ದಾಟಿಸಿ ನಿಲ್ಲಿಸಿದ ಬಸ್ಸಿನವನೂ ಅದನ್ನೇ ಹೇಳುತ್ತಾನೆ. ಸೊಸೆಯ ಬಾಣಂತನದಲ್ಲಿ ಹೊಟ್ಟೆ ತುಂಬ ಅನ್ನ ಹಾಕದ ಅತ್ತೆಯೂ. ನಮ್ಮ 'ಗೊತ್ತಿರಲಿಲ್ಲ'ಗಳಲ್ಲಿ ನಿಜವಾದವು ಎಷ್ಟು? ಓದಿಲ್ಲ ಅಂತ ಜನ ನನ್ನ ಮೇಲೆ ಕನಿಕರ ಪಟ್ಟಾಗಲೆಲ್ಲ ನಾನು ಆ ಕನಿಕರವನ್ನು ಕಂಬಳಿಯ ಹಾಗೆ ಹೊದ್ದುಕೊಂಡಿದ್ದೇನೆ.

ಆ ಕಂಬಳಿ ಮಲಾವಿವರೆಗೂ ಹೋಗಿದೆ ಅನ್ನುವುದು ಮಂಗಳವಾರದ ತನಕ ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ನನ್ನ ಸುಳ್ಳನ್ನು ನಂಬಿಕೊಂಡೇ ನನ್ನ ತಂಗಿ ಸಂಬಳ ಬಿಟ್ಟು ಸಮುದ್ರ ದಾಟಿದ್ದಾಳೆ. ತಿಳಿಸಿ ಹೇಳಿದರೆ ಯಾರೂ ಕೆಟ್ಟದ್ದು ಮಾಡಲ್ಲ ಅಂತ ಬಿಸಿಲಲ್ಲಿ ನಿಂತು ಮಕ್ಕಳಿಗೆ ಹೇಳುತ್ತಿದ್ದಾಳೆ. ಬರುವ ವಾರ ಇನ್ನೂ ನಾಲ್ಕು ಹಳ್ಳಿಯಲ್ಲಿ ಈ ನಾಟಕ ಇದೆಯಂತೆ.

ಪ್ರತಿ ವಾರ ಈ ಅಂಕಣದ ಫೋಟೋ ತೆಗೆದು ಅವಳಿಗೆ ಕಳಿಸುತ್ತೇನೆ. ಈ ವಾರವೂ ಕಳಿಸುತ್ತೇನೆ. ಆಮೇಲೆ ಅವಳು ನನ್ನ ಫೋನ್ ಎತ್ತದೇ ಇರಬಹುದು. ಅದು ಅವಳ ಹಕ್ಕು.

ಶಶಿ, ಅಕ್ಕನಿಗೆ ಎಲ್ಲ ಗೊತ್ತಿತ್ತು; ಈಗ ಆ ಮಕ್ಕಳಿಗೆ ಏನಂತ ಹೇಳ್ತೀಯ?