ಮಾವನವರು ಹಿಂತೆಗೆದುಕೊಂಡ ಮಾತು

ಮಾವನವರು ಓದುವಾಗ ಪುಸ್ತಕ ಮೂಗಿಗೆ ತಾಗಿರುತ್ತಿತ್ತು. ಹಳೆಯ ಹಾಳೆಯ ಪುಡಿ ಮೂಗಿನ ತುದಿಗೆ ಹತ್ತಿ, ಊಟಕ್ಕೆ ಕೂತಾಗಲೂ ಅಲ್ಲೇ ಇರುತ್ತಿತ್ತು. "ಮಾವಾರ, ಮೂಗು ಒರಸ್ಕೋರಿ" ಎಂದು ನಾನು ದಿನಾ ಹೇಳಬೇಕು, ಅವರು ದಿನಾ ಧೋತರದ ಚುಂಗು ಹುಡುಕಬೇಕು.

ನರಗುಂದದಲ್ಲಿ ಇತಿಹಾಸ ಕಲಿಸಿದವರು. ಹರೆಯದಲ್ಲಿ ಒಂದು ಪುಸ್ತಕ ಬರೆದಿದ್ದರು: ಕ್ರೈಸ್ತರ ಹಬ್ಬ, ಕಥೆ, ಸತ್ತು ಎದ್ದು ಬರುವ ದೇವರು, ಎಲ್ಲವೂ ರೋಮ್ ಸೀಮೆಯ ಹಳೆಯ ದೇವರುಗಳಿಂದ ಕದ್ದದ್ದು ಎಂದು. ಇಂಗ್ಲಿಷಿನ ಹಳೆಯ ಪಂಡಿತರನ್ನು ನಂಬಿ ಬರೆದದ್ದು. ರೋಣ, ಗಜೇಂದ್ರಗಡದ ಕಡೆಯೆಲ್ಲ ಅವರಿಗೆ ಹೆಸರು ತಂದದ್ದೇ ಆ ಪುಸ್ತಕ.

ನಿವೃತ್ತರಾದ ಮೇಲೆ, ಆ ಪಂಡಿತರು ಯಾವ ಆಧಾರದಿಂದ ಹಾಗೆ ಹೇಳಿದರು ಎಂದು ಹುಡುಕುತ್ತ ಕೂತರು. ಹೊಸ ಬರಹಗಳನ್ನು ನನ್ನ ಮೊಬೈಲಿನಲ್ಲಿ ಅಕ್ಷರ ಹಿಗ್ಗಿಸಿ ಕೊಡುತ್ತಿದ್ದೆ. ಒಂದು ಸಂಜೆ ಮುಖ ಸಣ್ಣದು ಮಾಡಿಕೊಂಡು ಅಡುಗೆಮನೆ ಬಾಗಿಲಿಗೆ ಬಂದರು.

"ಯವ್ವಾ, ಆ ಪಂಡಿತರು ಒಬ್ಬರದು ನೋಡಿ ಒಬ್ಬರು ಬರದಾರ. ಮೂಲ ತಗದು ನೋಡಿದ್ರ ರೋಮಿನ ಆ ದೇವರುಗಳ ಭಾಳಷ್ಟು ಕಥಿನ ಯೇಸುವಿನ ಕಾಲದ ನಂತರದ್ದು. ಹಬ್ಬದ ತಾರೀಖು, ದೀಪ, ಅಷ್ಟಿಷ್ಟು ಬೆರತಿರಬಹುದು. ಆದ್ರ ನಾ ಎಲ್ಲಾ ಕಳವು ಅಂತ ಬರದೀನಲ್ಲ."

ನಾನು ಹಬ್ಬದ ಸಿಹಿ ಮಾದಲಿಗೆ ಬೆಲ್ಲ ಕುಟ್ಟುತ್ತಿದ್ದೆ. "ಬಾಜೂ ಮನಿ ಅಕ್ಕಾರ ಮಾದಲಿನೂ ನಮ್ಮ ಮಾದಲಿ ಹಾಂಗ ಇರ್ತದ್ರಿ. ಅವರೇನು ನಮ್ಮ ಕಡಿಂದ ಕದ್ದಾರೇನ್ರಿ?" ಎಂದೆ, ನಗಲಿ ಅಂತ. ನಗಲಿಲ್ಲ.

"ಇಷ್ಟು ನಾ ಆಗ ಕೇಳ್ಕೋಬೇಕಿತ್ತು. ಮಂದಿ ದೇವರನ್ನ ಕಳವಿನ ಮಾಲು ಅಂದುಬಿಟ್ಟೆ" ಎಂದು ಕಣ್ಣು ಒರೆಸಿಕೊಂಡರು.

ಹೋದ ವರ್ಷ ಅವರ ಹಳೆಯ ವಿದ್ಯಾರ್ಥಿಗಳು ಪುಸ್ತಕ ಮತ್ತೆ ಅಚ್ಚು ಹಾಕಿಸುತ್ತೇವೆ ಎಂದು ಬಂದರು. "ಹಾಕಸ್ರಿ. ಆದ್ರ ಮೊದಲನೇ ಪುಟದಾಗ, ನಾ ಬರದದ್ದು ತಪ್ಪೈತಿ ಅಂತ ಹಾಕಸ್ರಿ" ಎಂದರು ಮಾವನವರು.

"ಸರ್, ಹಾಂಗ ಹಾಕಿದ್ರ ಯಾರು ಓದ್ತಾರ್ರಿ?" ಎಂದು ನಕ್ಕು, ಚಹಾ ಕುಡಿದು ಹೋದವರು ಮತ್ತೆ ಈ ಕಡೆ ಸುಳಿಯಲಿಲ್ಲ. ಗೇಟಿನ ಸಪ್ಪಳಾದರೆ ಸಾಕು, ಮಾವನವರು "ಅಚ್ಚಿನವರೇನು ನೋಡವಾ" ಎನ್ನುತ್ತಿದ್ದರು. ದವಾಖಾನೆಯಲ್ಲಿ ಮಾತು ನಿಲ್ಲುವ ಮೊದಲು ಕೇಳಿದ್ದೂ ಅದನ್ನೇ. ಬರುತ್ತಾರೆ ಎಂದೆ, ಇನ್ನೇನು ಹೇಳಲಿ.

ಅವರ ಶ್ರದ್ಧಾಂಜಲಿ ಸಭೆಯ ಬಾಗಿಲಲ್ಲೇ ಆ ವಿದ್ಯಾರ್ಥಿಗಳು ಪುಸ್ತಕ ಹಂಚುತ್ತಿದ್ದರು. ಹೊಸ ರಟ್ಟು, ಒಳಗೆ ಆ ಪುಟ ಇರಲಿಲ್ಲ. ನಾನು ಎದ್ದು ನಿಂತು, ಇದು ತಪ್ಪೆಂದು ಮಾವನವರೇ ಹೇಳಿ ಹೋಗಿದ್ದಾರೆ ಎಂದೆ. ವಿದ್ಯಾರ್ಥಿಗಳಲ್ಲೇ ಹಿರಿಯರೊಬ್ಬರು ಹತ್ತಿರ ಬಂದು ಮೆಲ್ಲಗೆ, "ವೈನಿ, ಹೋದವರ ಮಾನ ಕಳೀಬ್ಯಾಡ್ರಿ" ಎಂದರು.

ಮಾಲೆ ಹಾಕಿದ ಫೋಟೊದ ಮುಂದೆಯೂ ಒಂದು ಪ್ರತಿ ಇಟ್ಟಿದ್ದರು. ಎಲ್ಲರೂ ನೋಡುತ್ತಿದ್ದಂತೆ ಹೋಗಿ ಅದನ್ನು ತೆಗೆದೆ.